ಹತ್ತರಲ್ಲೊಂದು ಪಾಲು

ಹದಿನೇಳನೆಯ ರೊಟ್ಟಿ ಬಡಿಯುತ್ತಿದ್ದಾಗ ನನ್ನ ಎಡದವಡೆಗೆ ಪೆಟ್ಟು ಬಿತ್ತು.

ಪೆಟ್ಟೆಂದರೆ ಅಂಥ ದೊಡ್ಡದೇನಲ್ಲ. ಸಣ್ಣ ಮಕ್ಕಳು ಪೆನ್ಸಿಲ್ಲಿನ ತುದಿಯಿಂದ ಕೆನ್ನೆಗೆ ಕುಟ್ಟಿದಷ್ಟು. ಆದರೂ ಕೈಯ ತಾಳ ತಪ್ಪಿತು, ರೊಟ್ಟಿಯ ಅಂಚು ಹರಿಯಿತು. ಗಡಿಯಾರ ನೋಡಿದೆ. ಬೆಳಗಿನ ಆರು ಗಂಟೆ ಇಪ್ಪತ್ತೆರಡು ನಿಮಿಷ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಿಟಕಿಯ ಕಟ್ಟೆಯ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಬರೆದೆ: ‘6.22. ಎಡಗಡೆ. ಸಣ್ಣದು.’ ಆ ನೋಟ್‌ಬುಕ್ಕಿನ ಹಾಳೆಗಳ ಮೇಲೆಲ್ಲ ಜೋಳದ ಹಿಟ್ಟಿನ ಬೆರಳಚ್ಚು.

ಬಾಗಿಲ ಬಳಿ ಕುಳಿತು ಮೆಂತೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು.

“ಬಿತ್ತೇನ?”

“ಬಿತ್ರಿ.”

“ಎಡಕ್ಕೋ ಬಲಕ್ಕೋ?”

“ಎಡಕ್ಕ.”

“ಮತ್ತ ಎಡಗೈ ಕೆಳಗ ಬಿಟ್ಟಾಳ. ಎಷ್ಟ ಸಲ ಹೇಳೇನಿ, ಕೈ ಗದ್ದಕ್ಕ ಹಚ್ಚಿ ನಿಂದರ ಅಂತ!”

ಅತ್ತೆ ಜೀವನದಲ್ಲಿ ಒಂದೇ ಒಂದು ಬಾಕ್ಸಿಂಗ್ ಪಂದ್ಯವನ್ನೂ ನೋಡಿದವರಲ್ಲ. ಅದನ್ನು ಹೇಳಲು ನನಗೂ ಬಾಯಿಲ್ಲ. ನಾನೂ ನೋಡಿಲ್ಲ.

ಪೆಟ್ಟು ಬಿದ್ದದ್ದು ನಮ್ಮ ದಾನಿಗೆ. ದಾನೇಶ್ವರಿ, ನನ್ನ ಮಗಳು, ಹತ್ತನೆಯ ಇಯತ್ತೆ. ಆ ಹೊತ್ತಿಗೆ ಅವಳು ಮನೆಯಿಂದ ಎರಡು ಕಿಲೋಮೀಟರ್ ಆಚೆ, ಬೆಟಗೇರಿಯ ಹಳೆಯ ಹತ್ತಿ ಗೋದಾಮಿನಲ್ಲಿ ಅಭ್ಯಾಸದಲ್ಲಿರುತ್ತಾಳೆ. ಅವಳ ಮೇಲಿನ ಹಲ್ಲುಗಳಿಗೆ ಒಂದು ಗಾರ್ಡ್ ಇದೆ, ನನ್ನ ಹಲ್ಲುಗಳಿಗೂ ಅಂಥದೇ ಒಂದು. ಅವಳ ಗಾರ್ಡಿನೊಳಗಿನ ತೆಳುವಾದ ಹಾಳೆಯೊಂದು ಪೆಟ್ಟನ್ನು ಅಳೆಯುತ್ತದೆ. ಆ ಅಳತೆ ಗಾಳಿಯಲ್ಲಿ ಬಂದು, ನನ್ನ ಗಾರ್ಡಿನಲ್ಲಿ ಅದೇ ಜಾಗದಲ್ಲಿ ನಡುಕವಾಗುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ. ಮೊದಮೊದಲು ಅರ್ಧಕ್ಕರ್ಧ ಕೊಟ್ಟು ನೋಡಿದರಂತೆ. ತಾಯಂದಿರು ತಡೆದುಕೊಂಡರು, ತಂದೆಯಂದಿರು ಮೂರೇ ದಿನಕ್ಕೆ ಗಾರ್ಡ್ ತಿರುಗಿ ಕೊಟ್ಟು ಹೋದರು ಎಂದು ಕೋಚ್ ಫಕೀರಪ್ಪ ಸರ್ ನಗುತ್ತ ಹೇಳುತ್ತಾರೆ.

ಇದು ಕಾಯ್ದೆಯಾಗಿ ಮೂರು ವರ್ಷವಾಯಿತು. ಹದಿನೆಂಟು ತುಂಬದ ಮಕ್ಕಳು ಬಾಕ್ಸಿಂಗ್, ಕುಸ್ತಿ, ಜೂಡೋದಂಥ ಆಟಗಳಿಗೆ ಇಳಿಯಬೇಕಾದರೆ ಮನೆಯವರೊಬ್ಬರು ‘ಜೋಡಿ’ ಆಗಲೇಬೇಕು. ಯಾಕೆಂದರೆ ಮಕ್ಕಳು ಹೇಳುವುದಿಲ್ಲ. ತಲೆ ನೋಯುತ್ತಿದೆ ಎಂದರೆ ತಂಡದಿಂದ ತೆಗೆಯುತ್ತಾರೆ, ಅದಕ್ಕೇ ಹೇಳುವುದಿಲ್ಲ. ದವಡೆ ಕಟಕಟ ಎನ್ನುತ್ತಿದ್ದರೂ, ಅನ್ನ ಅಗಿಯಲು ಆಗದಿದ್ದರೂ, ಹಸಿವಿಲ್ಲ ಎಂದು ಎದ್ದು ಹೋಗುತ್ತಾರೆ. ಫಕೀರಪ್ಪ ಸರ್ ಹಾಗೆ ಹೇಳದೆಯೇ ಇಪ್ಪತ್ತು ವರ್ಷ ಮಿಲಿಟರಿಯಲ್ಲಿ ಆಡಿದವರು. ಈಗ ಅವರ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ನಮ್ಮ ಮನೆಯಲ್ಲಿ ಉಣ್ಣಲು ಕುಳಿತರೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು, ಕೂಸಿನಂತೆ ಚೂರು ಚೂರಾಗಿ ತಿನ್ನುತ್ತಾರೆ.

ಜೋಡಿಗೆ ಒಂದು ಅಧಿಕಾರವಿದೆ. ಮಗುವಿಗೆ ಪೆಟ್ಟು ಹೆಚ್ಚಾಯಿತು ಅನ್ನಿಸಿದರೆ ಗಾರ್ಡನ್ನು ಟಕ್ ಟಕ್ ಟಕ್ ಎಂದು ಮೂರು ಸಲ ಕಚ್ಚಬೇಕು. ಪಂದ್ಯ ಯಾವ ಊರಿನಲ್ಲಿ ನಡೆಯುತ್ತಿರಲಿ, ಅಂಕಣದ ಮೂಲೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಆಟ ಅಲ್ಲಿಗೆ ಮುಗಿಯಿತು, ಮತ್ತೆ ಶುರುವಾಗುವ ಮಾತಿಲ್ಲ. ಅದಕ್ಕಾಗಿ ಜೋಡಿಯಾದವರು ಅಲ್ಲಿಗೇ ಹೋಗಿ ಕೂರಬೇಕೆಂದಿಲ್ಲ. ನನಗೆ ಅದು ಅನುಕೂಲವೇ ಆಯಿತು. ದಿನಕ್ಕೆ ನೂರಿಪ್ಪತ್ತು ರೊಟ್ಟಿ ಖಾನಾವಳಿಗೆ ಹೋಗಬೇಕು. ದಾನಿಯ ಅಪ್ಪ ಸೊಲ್ಲಾಪುರದ ಬಸ್ಸಿನ ಡ್ರೈವರ್, ದಿನ ಬಿಟ್ಟು ದಿನ ಮನೆಗೆ ಬರುವವರು. ನಾನು ಒಲೆಯ ಮುಂದೆ ಕುಳಿತೇ ಮಗಳ ಹನ್ನೊಂದು ಪಂದ್ಯ ಕಳೆದೆ.

ಹನ್ನೊಂದರಲ್ಲಿ ಒಂದನ್ನು ನಾನೇ ಕೆಡಿಸಿದೆ.

ಜೂನ್ ತಿಂಗಳು. ಹುಬ್ಬಳ್ಳಿಯಲ್ಲಿ ವಿಭಾಗ ಮಟ್ಟದ ಪಂದ್ಯ, ಮೊಬೈಲಿನಲ್ಲಿ ಅಂಕಗಳು ಬರುತ್ತಿದ್ದವು, ಎರಡನೆಯ ಸುತ್ತಿನಲ್ಲಿ ದಾನಿ ಮುಂದಿದ್ದಳು. ನಾನು ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದೆ. ಅತ್ತೆ “ಹದ ಆದ್ವೇನ ನೋಡ” ಅಂದರು. ಬಾಯಲ್ಲಿ ಗಾರ್ಡ್ ಇರುವುದೇ ಮರೆತುಹೋಗಿ ಒಂದು ಕಾಳು ಹಾಕಿಕೊಂಡು ಅಗಿದೆ. ಒಂದು, ಎರಡು, ಮೂರು.

ಸಂಜೆ ದಾನಿ ಮನೆಗೆ ಬಂದಳು. ಬ್ಯಾಗು ಇಳಿಸಿದಳು. ನಾನು ಒಲೆಯ ಪಕ್ಕ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಡಬ್ಬಿಯಿಂದ ಒಂದು ಹಿಡಿ ಶೇಂಗಾ ತೆಗೆದು, ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

“ಹದ ಆಗ್ಯಾವ ಬಿಡ, ಅವ್ವಾ” ಅಂದಳು.

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನಾನು ನನ್ನ ದವಡೆಗೆ ಬೀಗ ಹಾಕಿದೆ. ಗಾರ್ಡ್ ಹಾಕಿಕೊಂಡಾಗ ಮೇಲಿನ ಹಲ್ಲು ಕೆಳಗಿನ ಹಲ್ಲು ಒತ್ತಿ ಹಿಡಿದುಕೊಂಡೇ ಇದ್ದರೆ, ತಪ್ಪಿಯೂ ಟಕ್ ಟಕ್ ಆಗುವುದಿಲ್ಲವಲ್ಲ.

ತಲೆನೋವು ಶುರುವಾದದ್ದು ಅದಾದ ಒಂದು ತಿಂಗಳಿಗೆ.

ಆಗಷ್ಟೇ ಮಕ್ಕಳಿಗೂ ಜೋಡಿಗಳಿಗೂ ಹೊಸ ತೆಳು ಗಾರ್ಡ್ ಕೊಟ್ಟಿದ್ದರು. ಅದನ್ನು ಊಟದ ಹೊತ್ತು ಬಿಟ್ಟು ಹಗಲೆಲ್ಲ ಹಾಕಿಕೊಂಡೇ ಇರಬೇಕು. ಪೆಟ್ಟು ಬಿದ್ದ ಆಮೇಲೂ ದವಡೆ ಹೇಗಿರುತ್ತದೆ ಎಂದು ನೋಡುವುದಕ್ಕೆ. ಮಾತಾಡಿದರೆ ಸ್ವಲ್ಪ ತೊದಲುತ್ತದೆ. ಅತ್ತೆಗೆ ಮೊದಲೇ ಹಲ್ಲಿನ ಸೆಟ್ಟು. “ನಮ್ಮ ಮನ್ಯಾಗ ಈಗ ಮೂರೂ ಹೆಂಗಸರಿಗೆ ಕಟ್ಟಿಸಿದ ಹಲ್ಲು. ರಾತ್ರಿ ಯಾರ್ದು ಯಾರ ಬಟ್ಟಲದಾಗ ಅದಾವ ಅಂತ ನೋಡಿ ಇಡ್ರಿ” ಅನ್ನುತ್ತಿದ್ದರು.

ಜುಲೈಯಲ್ಲಿ ಶಾಲೆಯಿಂದ ಫೋನ್ ಬಂತು. ಮೂರನೆಯ ಪಿರಿಯಡ್ಡಿಗೆ, ಹನ್ನೊಂದೂವರೆಯ ಸುಮಾರಿಗೆ, ದಾನಿ ಹಣೆಯ ಎರಡು ಬದಿಯ ಕಣತಲೆ ಹಿಡಿದುಕೊಂಡು ಬೆಂಚಿನ ಮೇಲೆ ತಲೆ ಇಡುತ್ತಾಳಂತೆ. ಅದು ಗಣಿತದ ಪಿರಿಯಡ್ಡು. ಮಾಸ್ತರರು ತಮಗೆ ತಿಳಿದ ಕಾರಣ ಹೇಳಿದರು. ನಾನು ಮಗಳನ್ನು ಕೇಳಿದೆ.

“ಗಣಿತಕ್ಕ ಅಂಜಿ ತಲಿಶೂಲಿ ತಂದ್ಕೊಂಡೀಯೇನ?”

“ಹೂಂ, ಭಾನುವಾರನೂ ಬರತೈತಿ. ಭಾನುವಾರ ಗಣಿತ ಯಾರ ಹೇಳಾಕತ್ತಾರ, ಆಯಿ ಹೇಳ್ತಾಳೇನ?”

“ನಾ ಹೇಳಿದ್ರ ನೀ ಪಾಸಾಗ್ತಿದ್ದಿ” ಅಂದರು ಅತ್ತೆ ಒಳಗಿನಿಂದ.

ನಗೆಯಾಯಿತು. ಆದರೆ ನೋವು ಹೋಗಲಿಲ್ಲ. ಮಂಗಳವಾರದಿಂದ ಭಾನುವಾರದವರೆಗೆ ದಿನಾ ಬರುತ್ತಿತ್ತು. ಸೋಮವಾರ ಮಾತ್ರ ಇಲ್ಲ. ಸೋಮವಾರ ಗೋದಾಮಿಗೆ ರಜೆ, ಅಭ್ಯಾಸವಿಲ್ಲ.

ಮತ್ತೊಂದು ಹೊಸ ಚಾಳಿ ಶುರುವಾಯಿತು ಅವಳಿಗೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾಳೆ.

“ಅವ್ವಾ…”

“ಏನ?”

“ಏನಿಲ್ಲ ತಗೊ.”

ಹೋಗಿಬಿಡುತ್ತಾಳೆ. ಅವಳೇನು ಕೇಳಬೇಕೆಂದಿದ್ದಾಳೆ ಎಂದು ನನಗೆ ಗೊತ್ತು ಅಂದುಕೊಂಡಿದ್ದೆ. ‘ಬಿಟ್ಟು ಬಿಡ್ಲೇನ ಅವ್ವಾ’ ಎಂದು ಕೇಳುತ್ತಾಳೆ. ನಾನಾಗಿ ಅದನ್ನು ಹೇಳುವಂತಿರಲಿಲ್ಲ. ಫಕೀರಪ್ಪ ಸರ್ ಮೊದಲ ದಿನವೇ ಎಚ್ಚರಿಸಿದ್ದರು: “ತಂಗೆವ್ವಾ, ಮನ್ಯಾಗ ಅಂಜಿಕಿ ಮಾತು ಒಂದೂ ಬ್ಯಾಡ. ನೀ ಅಂಜಿದ್ರ ಆಕೀ ಕಾಲು ನಡಗ್ತಾವ. ಬಾಯಿ ಮುಚ್ಕೊಂಡಿರ ನಮ್ಮವ್ವ.” ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆಗಸ್ಟಿನಲ್ಲಿ ನಮ್ಮನ್ನು ಧಾರವಾಡಕ್ಕೆ ಕರೆಸಿದರು, ಫಕೀರಪ್ಪ ಸರ್ ಕೂಡ ಜೊತೆಗೆ ಬಂದರು. ಊರ ಹೊರಗಿನ ದವಡೆ ಕೇಂದ್ರ. ಡಾಕ್ಟರ್ ಮೆಹಜಬೀನ್ ಕಿತ್ತೂರ ಅಲ್ಲಿಯ ಮುಖ್ಯಸ್ಥೆ. ನನಗಿಂತ ಚಿಕ್ಕವರು, ಬಿಳಿ ಕೋಟಿನ ಜೇಬಿನಲ್ಲಿ ಸದಾ ಪೇರಲ ಹಣ್ಣಿನ ಚೂರು. ಗೋಡೆಯ ತುಂಬ ಪರದೆಗಳು. ನಲವತ್ತು ಮಕ್ಕಳ ದವಡೆಗಳು ಅಲ್ಲಿ ಹಸಿರು ಗೆರೆಗಳಾಗಿ ಹರಿಯುತ್ತಿದ್ದವು. ಯಾವುದೋ ಹಳ್ಳಿಯ ಹುಡುಗಿಗೆ ಪೆಟ್ಟು ಬಿದ್ದರೆ ಇಲ್ಲಿ ಒಂದು ಗೆರೆ ಜಿಗಿಯುತ್ತದೆ, ಡಾಕ್ಟರು ಪೇರಲ ಕಚ್ಚುವುದನ್ನು ನಿಲ್ಲಿಸುತ್ತಾರೆ.

ದಾನಿಯ ಬಾಯಿ ತೆರೆಸಿ ಮೂರು ಬೆರಳು ಅಡ್ಡ ಹಿಡಿದು ನೋಡಿದರು. ಸರಾಗವಾಗಿ ಹೋದವು. ಆಮೇಲೆ ಫಕೀರಪ್ಪ ಸರ್ ಕಡೆ ತಿರುಗಿದರು. “ಸರ, ನೀವೂ ಬಾಯಿ ತಗೀರಿ.”

“ನಂದ್ಯಾಕ ಮೇಡಂ, ನಂದು ಹಳೇ ಮೋಟರ.”

“ಹಳೇ ಮೋಟರಿಗೇ ಮೊದಲ ಎಣ್ಣಿ ಬೇಕ್ರಿ.”

ಸರ್ ಬಾಯಿ ತೆರೆದರು. ಕಟ್ ಎಂದಿತು. ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಡಾಕ್ಟರು ಒಂದು ಚೀಟಿ ಬರೆದು ಅವರ ಅಂಗಿಯ ಜೇಬಿಗೆ ಸಿಕ್ಕಿಸಿದರು.

ನಂತರ ನನಗೆ ಬಿಡಿಸಿ ಹೇಳಿದರು. “ಅಕ್ಕಾರ, ಎರಡು ನಮೂನಿ ತಲಿಶೂಲಿ ಇರ್ತಾವ. ಒಂದು ಪೆಟ್ಟಿಂದ ಮಿದುಳು ಅಲುಗಾಡಿ ಬರೂದು. ಅದು ಕೆಟ್ಟದ್ದು. ಇನ್ನೊಂದು ದವಡಿಯಿಂದ. ಕಣತಲಿ ಮ್ಯಾಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡ್ರಿ.”

ಹಾಗೇ ಮಾಡಿದೆ. ಬೆರಳ ಕೆಳಗೆ ಏನೋ ಉಬ್ಬಿತು.

“ಅದು ದವಡಿ ಸ್ನಾಯು. ಅಲ್ಲೀ ತನಕ ಹಬ್ಬೈತಿ. ತಾಸುಗಟ್ಟಲೆ ಬಿಗಿಹಿಡಿದ್ರ ತಲಿ ಸಿಡೀತೈತಿ. ಈಕಿಗೆ ಹನ್ನೊಂದೂವರಿಗೆ ದವಡಿ ಬಿಗೀತೈತಿ, ಅದು ಪರದೆದಾಗ ಕಾಣಸ್ತೈತಿ. ಆದ್ರ ಯಾಕ ಬಿಗೀತೈತಿ? ಅಭ್ಯಾಸ ಇದ್ದ ದಿನ ಬರತೈತಿ, ಇಲ್ಲದ ದಿನ ಇಲ್ಲ. ಅಂದ್ರ ಮುಂಜಾನಿ ಬಿದ್ದ ಪೆಟ್ಟು ತಡವಾಗಿ ತೋರಸಾಕತ್ತೈತಿ ಅಂತ ನನಗ ಸಂಶಯ. ಕಾರಣ ಸಿಗಲಿಲ್ಲ ಅಂದ್ರ ನಾ ಸಹಿ ಮಾಡಾಂಗಿಲ್ರಿ. ಒಂದು ವರ್ಷ ಆಟ ಬಂದ್.”

ಸಹಿ ಬೇಕಿದ್ದದ್ದು ಸೆಪ್ಟೆಂಬರ್ ಇಪ್ಪತ್ತಕ್ಕೆ. ಇಪ್ಪತ್ತೆರಡಕ್ಕೆ ಬೆಳಗಾವಿಯಲ್ಲಿ ರಾಜ್ಯ ತಂಡದ ಆಯ್ಕೆ. ದಾನಿ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆಯುತ್ತ ಕುಳಿತಳು.

ನಿಜ ಹೇಳಬೇಕು. ಬಸ್ಸಿನಲ್ಲಿ ತಿರುಗಿ ಬರುವಾಗ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಅವಳ ಹಣೆಯ ಮೇಲಿನ ಕೂದಲು ಸರಿಸುತ್ತ, ಡಾಕ್ಟರು ಸಹಿ ಮಾಡದಿದ್ದರೆ ಒಳ್ಳೆಯದು ಎಂದುಕೊಂಡೆ. ನಾನೇನೂ ಹೇಳಬೇಕಾಗಿಲ್ಲ, ಸರಕಾರವೇ ಹೇಳುತ್ತದೆ. ಹಾಗಂದುಕೊಂಡ ಕೂಡಲೇ ನಾಚಿಕೆಯಾಯಿತು. ನಿದ್ದೆಯಲ್ಲಿ ಅವಳ ಎಡಗೈ ಮುಷ್ಟಿ ಕಟ್ಟಿ ಗದ್ದದ ಬಳಿ ಬಂದಿತ್ತು. ಆಯಿ ಹೇಳಿಕೊಟ್ಟ ಹಾಗೆ.

ನನ್ನ ದಿನಗಳು ಎಂದಿನಂತೆ ನಡೆದವು. ಬೆಳಗ್ಗೆ ಐದಕ್ಕೆ ಹಿಟ್ಟು ನಾದುವುದು. ಹತ್ತೂವರೆಗೆ ರೊಟ್ಟಿಯ ಬುಟ್ಟಿ ಖಾನಾವಳಿಗೆ. ತಿರುಗಿ ಬಂದು ಹನ್ನೊಂದೂಕಾಲಿಗೆ ಹಿತ್ತಲಿನ ಕಲ್ಲಿನ ಮೇಲೆ ದಾನಿಯ ಕೈಪಟ್ಟಿಗಳನ್ನು ಒಗೆಯುವುದು. ಗ್ಲೌಸಿನೊಳಗೆ ಕೈಗೆ ಸುತ್ತಿಕೊಳ್ಳುವ ಬಟ್ಟೆಯ ಪಟ್ಟಿಗಳವು, ಒಂದೊಂದೂ ನನ್ನ ಸೀರೆಯಷ್ಟು ಉದ್ದ, ಅಂಗೈಯಷ್ಟೂ ಅಗಲವಿಲ್ಲ. ಬೆಳಗಿನ ಬೆವರು ಒಣಗಿ ಗಂಜಿ ಹಾಕಿದಂತಾಗಿರುತ್ತವೆ. ಗೆಣ್ಣು ಬರುವ ಜಾಗದಲ್ಲಿ ಕೆಲವು ದಿನ ರಕ್ತದ ಚುಕ್ಕಿಗಳಿರುತ್ತವೆ, ಸಾಸಿವೆಯಷ್ಟು. ಅವುಗಳನ್ನು ತಣ್ಣೀರಿನಲ್ಲಿ ಉಜ್ಜಬೇಕು, ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ಅದೊಂದೇ ಹೊತ್ತಿನಲ್ಲಿ ಮನೆಯಲ್ಲಿ ಮಾತಿರುವುದಿಲ್ಲ. ಅತ್ತೆ ಮಲಗಿರುತ್ತಾರೆ. ನಾನು, ಕಲ್ಲು, ಪಟ್ಟಿ. ಆ ಒಂದು ತಾಸು ಏನೇನು ನೆನಪಾಗುತ್ತದೋ ಅದೆಲ್ಲವನ್ನೂ ಹಲ್ಲಿನ ನಡುವೆ ಹಿಡಿದುಕೊಂಡು ಉಜ್ಜುತ್ತಿದ್ದೆ.

ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಅದರಲ್ಲಿ ದಾನಿಗೆ ಬಿದ್ದದ್ದನ್ನು ಬರೆಯಬೇಕಿತ್ತು. ಅರಿವೆ ಒಗೆದದ್ದನ್ನು ಯಾರು ಬರೆಯುತ್ತಾರೆ?

ಸೆಪ್ಟೆಂಬರ್ ಹದಿನಾಲ್ಕಕ್ಕೆ ಮತ್ತೆ ಧಾರವಾಡ. ಇದೇ ಕೊನೆಯ ತಪಾಸಣೆ. ಬೆಳಗಿನ ಅಭ್ಯಾಸ ಮುಗಿಸಿ ದಾನಿ ಸರ್ ಜೊತೆ ನೇರವಾಗಿ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು, ಅವಳ ಬ್ಯಾಗು ನನ್ನ ತೊಡೆಯ ಮೇಲಿತ್ತು. ಡಾಕ್ಟರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎರಡೂ ಕಣತಲೆಗೆ ಸಣ್ಣ ಬಿಲ್ಲೆಗಳನ್ನು ಅಂಟಿಸಿದರು. ಗಾರ್ಡ್ ಬಾಯಲ್ಲಿತ್ತು. ನನ್ನದು ನನ್ನ ಬಾಯಲ್ಲಿ. ಪರದೆಯ ಮೇಲಿನ ಗೆರೆ ಒರೆಸಿದ ನೆಲದ ಹಾಗೆ ಸಮನಾಗಿತ್ತು.

“ಹನ್ನೊಂದೂವರಿ ಆಗ್ಲಿ, ನೋಡೋಣು” ಅಂದರು ಡಾಕ್ಟರು.

ಹನ್ನೊಂದೂವರೆಯಾಯಿತು. ಹನ್ನೆರಡಾಯಿತು. ಗೆರೆ ಅಲುಗಲಿಲ್ಲ. ದಾನಿ ಕಾಲು ಕುಣಿಸುತ್ತ ಕುಳಿತಿದ್ದಳು. ಅಭ್ಯಾಸ ಮಾಡಿ ಬಂದ ದಿನವೂ ನೋವು ಬರಲಿಲ್ಲವೆಂದರೆ ಏನರ್ಥ ಎಂದು ಡಾಕ್ಟರು, ಫಕೀರಪ್ಪ ಸರ್ ಇಬ್ಬರೂ ಮುಖ ಮುಖ ನೋಡಿಕೊಂಡರು. ನನಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಬ್ಯಾಗಿನ ಚೈನು ತೆಗೆದೆ. ಮುದ್ದೆಯಾಗಿ ತುರುಕಿದ್ದ ಕೈಪಟ್ಟಿಗಳನ್ನು ಹೊರತೆಗೆದು, ಸುರುಳಿ ಸುತ್ತೋಣವೆಂದು ತೊಡೆಯ ಮೇಲೆ ಬಿಡಿಸಿದೆ. ಬಲಗೈಯ ಪಟ್ಟಿಯಲ್ಲಿ ಚುಕ್ಕಿಯಿತ್ತು. ಸಾಸಿವೆಯಷ್ಟಲ್ಲ, ಹುಣಸೆ ಬೀಜದಷ್ಟು. ಹೆಬ್ಬೆರಳಿನಿಂದ ಅದನ್ನು ಉಜ್ಜಿದೆ.

ಸ್ವಲ್ಪ ಹೊತ್ತಿಗೆ ದಾನಿ ಅಂದಳು, “ಮೇಡಂ, ಬರಾಕತ್ತೈತಿ.”

ಗೆರೆ ಏರುತ್ತಿತ್ತು. ಜಿಗಿಯಲಿಲ್ಲ. ಹಾಲು ಉಕ್ಕುವ ಹಾಗೆ ಮೆಲ್ಲಗೆ ಮೇಲೆ ಬಂತು, ಬಂದು ಅಲ್ಲೇ ನಿಂತಿತು. ಡಾಕ್ಟರು ಮಗಳ ಕೆನ್ನೆ ಮುಟ್ಟಿ ನೋಡಿದರು. “ನೀ ಕಚ್ಚಾಕತ್ತೀಯೇನ?”

“ಇಲ್ರಿ. ಅದಾಗೇ ಬಿಗೀತೈತಿ.”

ಡಾಕ್ಟರು ಕೋಣೆಯನ್ನೊಮ್ಮೆ ಸುತ್ತಿ ನೋಡಿದರು. ಏನು ಬದಲಾಯಿತು ಎಂದು ಹುಡುಕುವವರ ಹಾಗೆ. ಫಕೀರಪ್ಪ ಸರ್ ಪೇಪರ್ ಓದುತ್ತಿದ್ದರು. ನಾನು ಪಟ್ಟಿ ಸುತ್ತುತ್ತಿದ್ದೆ. ಅವರ ಕಣ್ಣು ನನ್ನ ಮುಖದ ಮೇಲೆ ನಿಂತಿತು. ಬಹಳ ಹೊತ್ತು.

“ಅಕ್ಕಾರ,” ಅಂದರು ಮೆಲ್ಲಗೆ, “ಸ್ವಲ್ಪ ಬಾಯಿ ತಗೀರಿ.”

ತೆರೆದೆ. ಗೆರೆ ಇಳಿಯಿತು.

“ಈಗ ಮೊದಲ ಹ್ಯಾಂಗ ಹಿಡಕೊಂಡಿದ್ರಿ ಹಂಗ ಹಿಡೀರಿ.”

ಗೆರೆ ಏರಿತು.

ಪೇಪರ್ ಓದುತ್ತಿದ್ದ ಸರ್ ಎದ್ದು ನಿಂತರು. ದಾನಿ ಪರದೆ ನೋಡಿದಳು, ನನ್ನನ್ನು ನೋಡಿದಳು.

“ಅವ್ವಾ, ಇದು ನೀನಾ?”

ಡಾಕ್ಟರು ಕಂಪ್ಯೂಟರಿನ ಮುಂದೆ ಕುಳಿತು ಅರ್ಧ ತಾಸು ಏನೇನೋ ತೆರೆದು ನೋಡಿದರು. ಕೊನೆಗೆ ಕುರ್ಚಿ ತಿರುಗಿಸಿ, ನನಗೆ ತಿಳಿಯುವ ಹಾಗೆ ಹೇಳಿದರು. ಮೂರು ಸಲ ಕಚ್ಚಿದ ಸುದ್ದಿ ಮಗುವಿಗೂ ಗೊತ್ತಾಗಬೇಕಲ್ಲ? ಅದಕ್ಕೆ ಜೋಡಿಯ ಗಾರ್ಡಿನಿಂದ ಮಗುವಿನ ಗಾರ್ಡಿಗೆ ಒಂದು ತಿರುಗುದಾರಿ ಇಟ್ಟಿದ್ದರು. ಪ್ರತಿ ಕಚ್ಚಿಗೂ ಹಿಂದಿನ ಹಲ್ಲಿನಲ್ಲಿ ಒಂದು ಸಣ್ಣ ಜುಮ್. ಕಚ್ಚು ಮುಗಿದರೆ ಜುಮ್ ನಿಲ್ಲುತ್ತದೆ. ಆದರೆ ಒಬ್ಬರು ಕಚ್ಚಿ, ತಾಸಾದರೂ ಬಿಡದೇ ಹಿಡಿದರೆ? ಅದು ಮುಗಿಯದ ಕಚ್ಚು. ಯಂತ್ರ ಕಳಿಸುತ್ತಲೇ ಇರುತ್ತದೆ. ಜುಮ್ ಎಷ್ಟು ಸಣ್ಣದೆಂದರೆ ದಾನಿಗೆ ಗೊತ್ತಾಗುವುದಿಲ್ಲ, ಅವಳ ದವಡೆಗೆ ಗೊತ್ತಾಗುತ್ತದೆ. ಅಲ್ಲಿ ಬಿಗಿದರೆ ಇಲ್ಲಿಯೂ ಬಿಗಿಯುತ್ತದೆ.

“ಹಂಗಾದ್ರ ಇಷ್ಟ ದಿನ ಪರದೆದಾಗ ಯಾಕ ಕಾಣಲಿಲ್ಲರಿ ಮೇಡಂ?” ಫಕೀರಪ್ಪ ಸರ್ ಕೇಳಿದರು.

“ಮಕ್ಕಳಿಂದ ಬರೂದನ್ನಷ್ಟ ಬರದಿಟ್ವಿ ಸರ. ತಾಯಂದಿರ ಕಡೆಯಿಂದ ಏನ ಹೋಗ್ತೈತಿ ಅಂತ ಬರದಿಡಲಿಲ್ಲ.” ಡಾಕ್ಟರು ಕನ್ನಡಕ ತೆಗೆದು ಕೋಟಿಗೆ ಒರೆಸಿದರು. “ಇಷ್ಟ ಹೊತ್ತು ಇಷ್ಟ ಗಟ್ಟಿ ಯಾರರ ಹಲ್ಲು ಕಚ್ಕೊಂಡಿರ್ತಾರ ಅಂತ ಲೆಕ್ಕ ಹಿಡಿದಿರಲಿಲ್ಲ. ತಪ್ಪು ನಮ್ದು ಅಕ್ಕಾರ. ಆದ್ರ ಹೇಳ್ರಿ, ದಿನಾ ಹನ್ನೊಂದೂವರಿಗೆ ನೀವ ಏನ ಮಾಡ್ತಿದ್ರಿ?”

ನಾನು ತೊಡೆಯ ಮೇಲಿನ ಪಟ್ಟಿ ತೋರಿಸಿದೆ.

“ಸೋಮವಾರ?”

“ಸೋಮವಾರ ಒಗೆಯೂದು ಇರೂದಿಲ್ರಿ.”

ಎರಡು ತಿಂಗಳ ಕಾಲ ನನ್ನ ಕೂಸಿನ ತಲೆ ಸಿಡಿದದ್ದು ನನ್ನಿಂದ. ಕಣ್ಣು ತುಂಬಿದವು. ಫಕೀರಪ್ಪ ಸರ್ ಕಿಟಕಿಯ ಕಡೆ ತಿರುಗಿ ನಿಂತರು. “ಬಾಯಿ ಮುಚ್ಕೊಂಡಿರ ಅಂತ ನಾನ ಹೇಳಿದ್ನಿ” ಎಂದು ಗೋಡೆಗೆ ಹೇಳಿದರು.

ದಾನಿ ಕಣತಲೆಯ ಬಿಲ್ಲೆಗಳನ್ನು ತಾನೇ ಕಿತ್ತು, ಕುರ್ಚಿಯಿಂದ ಜಿಗಿದು ಬಂದು ನನ್ನ ಪಕ್ಕ ಕುಳಿತಳು. ಹೆಗಲಿಗೆ ಹೆಗಲು ತಾಗಿಸಿದಳು. “ಮೇಡಂ, ಗಣಿತ ಅಲ್ಲ ಅಂತ ನಮ್ಮ ಮಾಸ್ತರಿಗೆ ಒಂದು ಚೀಟಿ ಬರದ ಕೊಡ್ರಿ” ಅಂದಳು.

ಆ ದಿನವೇ ಡಾಕ್ಟರು ತಿರುಗುದಾರಿಯನ್ನು ಸರಿಪಡಿಸಿದರು. ಇನ್ನು ಮೇಲೆ ಬಿಡಿಬಿಡಿಯಾದ ಮೂರು ಕಚ್ಚು ಮಾತ್ರ ಹೋಗುತ್ತವೆ. ಹಿಡಿದ ಕಚ್ಚು ಹಿಡಿದವರಲ್ಲೇ ಉಳಿಯುತ್ತದೆ. ಉಳಿದ ಮೂವತ್ತೊಂಬತ್ತು ಮನೆಗಳಿಗೂ ಫೋನ್ ಮಾಡಲು ಅವರ ಸಹಾಯಕಿ ಹೆಸರುಗಳ ಪಟ್ಟಿ ಹಿಡಿದು ಕುಳಿತಳು. ಐದು ದಿನ ನೋಡೋಣ, ತಲೆನೋವು ಬರಲಿಲ್ಲವೆಂದರೆ ಸಹಿ ಎಂದರು.

ಬಸ್ಸಿನಲ್ಲಿ ಅಣ್ಣಿಗೇರಿ ದಾಟುವಾಗ ದಾನಿ ಕಿಟಕಿಯಿಂದ ಮುಖ ತಿರುಗಿಸಿದಳು.

“ಅವ್ವಾ…”

“ಏನ?”

“ಏನಿಲ್ಲ.”

ಸೋಮವಾರವೊಂದು ಬಿಟ್ಟರೆ ದಿನಾ ನಾನು ಪಟ್ಟಿ ಒಗೆದೆ. ಐದು ದಿನವೂ ಹನ್ನೊಂದೂವರೆಗೆ ಶಾಲೆಯ ಫೋನ್ ಬರುವುದೇನೋ ಎಂದು ಕಾದೆ, ಬರಲಿಲ್ಲ. ಸಂಜೆ ಬಂದು ದಾನಿ ಬ್ಯಾಗು ಇಳಿಸುವ ಮೊದಲೇ “ಇಲ್ಲ ಅವ್ವಾ” ಎನ್ನುತ್ತಿದ್ದಳು. ಗಣಿತದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂತು. ಅತ್ತೆ, “ತಲಿಶೂಲಿ ಇದ್ದಾಗ ಹನ್ನೆರಡ ಬಂದಿತ್ತಲ್ಲ” ಎಂದು ನೆನಪಿಸಿದರು.

ಇಪ್ಪತ್ತನೆಯ ತಾರೀಖು ಬೆಳಗ್ಗೆ ಡಾಕ್ಟರ ಫೋನ್ ಬಂತು. ಸಹಿಯಾಯಿತು. ಫಕೀರಪ್ಪ ಸರ್ ಅವತ್ತು ಅಭ್ಯಾಸವನ್ನು ಅರ್ಧಕ್ಕೇ ಬಿಟ್ಟು, ಮಕ್ಕಳಿಗೆಲ್ಲ ಗಿರಮಿಟ್ ಕೊಡಿಸಿದರಂತೆ. ತಾವು ಮಾತ್ರ ಬರೀ ಚಹಾ ಕುಡಿದರಂತೆ. ಮರುದಿನ ಅವರಿಗೂ ಧಾರವಾಡದಲ್ಲಿ ದವಡೆ ತೋರಿಸುವುದಿತ್ತು.

ನಾನು ಹಿತ್ತಲಿನ ಕಲ್ಲಿನ ಬಳಿ ಇದ್ದೆ. ದಾನಿ ಶಾಲೆಗೆ ಹೋಗಿರಲಿಲ್ಲ, ಬೆಳಗಾವಿಗೆ ಹೋಗುವ ಬಟ್ಟೆ ಜೋಡಿಸಿಕೊಳ್ಳಲೆಂದು ಮನೆಯಲ್ಲೇ ಉಳಿದಿದ್ದಳು. ಒಳಗಿನಿಂದ ಬಂದು ನನ್ನ ಎದುರು ನಿಂತಳು. ಆಗಷ್ಟೇ ಜಾಲಾಡಿದ ಪಟ್ಟಿಯ ಒಂದು ತುದಿ ಎತ್ತಿಕೊಂಡಳು.

“ಹಿಂಡೂಣು, ಹಿಡಿ.”

ಅವಳು ಆ ತುದಿ ಹಿಡಿದು ಹಿಂದೆ ಹಿಂದೆ ಹೋದಳು, ತುಳಸಿಕಟ್ಟೆಯವರೆಗೆ. ನಾನು ಈ ತುದಿಯಲ್ಲಿ. ಅವಳು ಬಲಕ್ಕೆ ತಿರುಚಿದಳು, ನಾನು ಎಡಕ್ಕೆ. ಪಟ್ಟಿ ಹಗ್ಗದಂತಾಗಿ ನಡುವಿನಿಂದ ನೀರು ತೊಟ್ಟಿಕ್ಕಿತು. ಅವಳು ನನಗಿಂತ ಎತ್ತರ ಬೆಳೆದಿದ್ದಾಳೆ ಎಂಬುದು ಅಷ್ಟು ದೂರದಿಂದ ನೋಡಿದಾಗ ಕಂಡಿತು.

“ಅವ್ವಾ…”

ಕೇಳಿಬಿಡುತ್ತಾಳೆ ಈಗ ಅಂದುಕೊಂಡೆ. ಬಿಡ್ಲೇನ ಎಂದು ಕೇಳಿದರೆ ಹೂಂ ಅನ್ನಲೇ, ಬ್ಯಾಡ ಅನ್ನಲೇ? ಐದು ದಿನದಿಂದ ಎರಡೂ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಎರಡೂ ನನ್ನ ಬಾಯಲ್ಲೇ ಇದ್ದವು, ದವಡೆ ಒತ್ತಿಕೊಂಡಿತ್ತು.

“ಮೊದಲ ಗಾರ್ಡ್ ತಗಿ” ಅಂದಳು. ತನ್ನದನ್ನು ತೆಗೆದು ತುಳಸಿಕಟ್ಟೆಯ ಮೇಲಿಟ್ಟಳು. ನಾನೂ ತೆಗೆದು ಕಲ್ಲಿನ ಮೇಲಿಟ್ಟೆ. ಬಾಯಿ ಹಗುರಾಯಿತು. ಪಟ್ಟಿ ಇನ್ನೂ ಇಬ್ಬರ ಕೈಯಲ್ಲಿ ಬಿಗಿಯಾಗಿಯೇ ಇತ್ತು.

“ಅದರಾಗ ನನಗ ಬಿದ್ದದ್ದಷ್ಟ ನಿನಗ ಬರತೈತಿ” ಅಂದಳು. “ನಾ ಹೊಡದದ್ದು ಬರೂದಿಲ್ಲ. ಬಗ್ಗಿ ತಪ್ಪಿಸಿಕೊಂಡದ್ದು ಬರೂದಿಲ್ಲ. ಗೆದ್ದಾಗ ರೆಫರಿ ನನ್ನ ಕೈ ಎತ್ತತಾರಲ್ಲ, ಅದೂ ಬರೂದಿಲ್ಲ. ನಿನಗ ಬರೇ ಬ್ಯಾನಿ ಗೊತ್ತೈತಿ. ಜೂನ್‌ದಾಗ ಕೇಳಬೇಕು ಅಂತಿದ್ನಿ. ಶೇಂಗಾದ್ದಕ್ಕ ನೀ ಅಷ್ಟ ಅತ್ತಿ, ಕೇಳಿದ್ರ ಮತ್ತ ಅಳ್ತೀ ಅಂತ ಬಿಟ್ನಿ. ರೊಟ್ಟಿ ಬ್ಯಾರೆ ಇರ್ತಾವ ಅಂತ ಬಿಟ್ನಿ.”

ನೀರು ತೊಟ್ಟಿಕ್ಕುವುದು ನಿಂತಿತ್ತು. ಅವಳು ತುದಿಯನ್ನು ಬಿಡಲಿಲ್ಲ. ಮುಷ್ಟಿ ಗದ್ದದ ಬಳಿಯೇ ಇತ್ತು.

“ಬೆಳಗಾವಿಗೆ ಬರ್ತಿಯೇನವ್ವಾ, ನಾ ಆಡೂದು ನೋಡಾಕ?”